ಹಳೇ ಬಾಗಿಲಿಗೊಂದು ಬೋರ್ಡು

ತೊಂಬತ್ತರ ದಶಕದ ಕೊನೆಯಲ್ಲಿ, ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅದುವರೆಗೆ ನೆಟ್ಟಗಿದ್ದ ಬಿಲ್ಲಿನ ಪ್ರೋಗ್ರಾಮು ಮುಷ್ಕರ ಹೂಡಿತು. ಪರದೆಯ ಮೇಲಿನ ಸಾಲನ್ನು ಸಿಟ್ಟಿನಲ್ಲಿ ಗಟ್ಟಿಯಾಗಿಯೇ ಓದಿದೆ: “ಲೈಬ್ರರಿ ಸಿಗುತ್ತಿಲ್ಲ.”

ಮೈಮೇಲಿನ ತೌಡು ಕೊಡವುತ್ತ ಒಳಬಂದ ಗಿರಣಿಯ ಯಜಮಾನರು, “ಹೆಂಗ ಸಿಗ್ತೈತ್ರಿ? ನಮ್ಮೂರ ಲೈಬ್ರರಿ ಕಾಲುವಿ ದಂಡಿ ಹೊಸ ಬಿಲ್ಡಿಂಗಿಗೆ ಹೋಗೈತಲ್ರಿ. ಇದು ಹಳೇ ಜಾಗದಾಗ ಹುಡುಕ್ತಿರಬೇಕು” ಎಂದರು.

ನಗು ಬಂತು. ಆದರೂ ನೋಡೇಬಿಡೋಣ ಎನ್ನಿಸಿತು. ಪ್ರೋಗ್ರಾಮು ನಡೆಯಲು ಬೇಕಾದ, ಲೈಬ್ರರಿ ಎಂದು ಕರೆಯುವ ಕಡತ ನಿಜಕ್ಕೂ ಬೇರೊಂದು ಫೋಲ್ಡರಿಗೆ ಹೋಗಿ ಕೂತಿತ್ತು; ಪ್ರೋಗ್ರಾಮು ಹಳೆಯದರಲ್ಲೇ ತಡಕಾಡುತ್ತಿತ್ತು.

“ಸಿಕ್ತ್ರಿ” ಎಂದೆ.

“ಹಳೇ ಬಾಗಿಲಿಗೆ ಒಂದು ಬೋರ್ಡು ಹಚ್ಚಿಬಿಡ್ರಿ,” ಎಂದರು ಅವರು, “ಇಲ್ಲಾಂದ್ರ ನಾಳಿ ಮತ್ತ ಅಲ್ಲಿಗೇ ಹೋಗ್ತೈತಿ.”

ಮಾಡಬೇಕಾಗಿದ್ದೂ ಅದನ್ನೇ: ಪ್ರೋಗ್ರಾಮಿಗೆ ಹೊಸ ಫೋಲ್ಡರಿನ ದಾರಿ ತೋರಿಸುವ ಒಂದು ಸಾಲು ಬರೆದಿಟ್ಟೆ.