ಮುಪ್ಪಿನ ಆಯ

ಮಾಸೂರಿನ ಫಕ್ಕೀರವ್ವ ಹುಟ್ಟಿದ್ದು ಹೊಲದ ಕೂಲಿಯವರ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದೂ ಅದೇ ಕೂಲಿಯಲ್ಲಿ. ಮದಗದ ಕೆರೆಯ ನೀರು ಬಿಟ್ಟರೆ ನಾಟಿ, ಆಮೇಲೆ ಕಳೆ, ಆಮೇಲೆ ಕೊಯ್ಲು. ನಾಟಿಯ ಸಾಲಿನಲ್ಲಿ ಅವಳ ಪಕ್ಕ ನಿಲ್ಲಲು ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು. ಅವಳ ಕೈಗೆ ಸರಿಗಟ್ಟುವುದು ಕಷ್ಟ, ಬಾಯಿಗೆ ಸರಿಗಟ್ಟುವುದು ಇನ್ನೂ ಕಷ್ಟ.

ರಾಜ್ಯ ಒಂದಾದ ಮರುವರ್ಷದ ಮಳೆಗಾಲದಲ್ಲಿ ಅದೇ ಊರಿನ ಲಕ್ಷ್ಮಪ್ಪನ ತಾಯಿ ಅನ್ನವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಟೊಂಕ ಮುರಿದುಕೊಂಡಳು. ಎಲುಬು ಕಟ್ಟುವವನು ಬಂದು ಪಟ್ಟಿ ಬಿಗಿದು, ಇನ್ನು ಏಳುವುದು ದೇವರ ಕೈಯಲ್ಲಿದೆ ಎಂದು ಹೇಳಿ ಹೋದ. ಲಕ್ಷ್ಮಪ್ಪ ಕೆರೆಯ ಕೆಳಗೆ ಗದ್ದೆಯಿದ್ದ ರೈತ; ಅವನದು ತುಂಬಿದ ಮನೆ. ಹೆಂಡತಿ ಸುಶೀಲವ್ವನಿಗೆ ಆಳುಗಳ ಅಡಿಗೆ, ದನ, ಹಾಲು, ಸಣ್ಣ ಮಕ್ಕಳು. ಅತ್ತೆಯನ್ನು ಎತ್ತಿ ಇಳಿಸುವುದರಲ್ಲಿ ಅವಳ ನಡುವೂ ಹಿಡಿದುಕೊಂಡಿತು. ಆಗ ಲಕ್ಷ್ಮಪ್ಪ ತಾನೇ ಫಕ್ಕೀರವ್ವನ ಬಾಗಿಲಿಗೆ ಬಂದು, ನಾಟಿ ಬಿಟ್ಟು ಅವ್ವನನ್ನು ನೋಡಿಕೊಳ್ಳಲು ಕೇಳಿದ. ಮಧ್ಯಾಹ್ನದ ಊಟ ಅಲ್ಲೇ. ಕೂಲಿಯ ಮಾತು ಬಂದಾಗ, ಸುಗ್ಗಿಯಲ್ಲಿ ನೋಡೋಣ ಅಂದ.

ಅನ್ನವ್ವ ತೂಕದ ಹೆಂಗಸು. ಹೊತ್ತುಹೊತ್ತಿಗೆ ಮಗ್ಗಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು. ಫಕ್ಕೀರವ್ವ ಅವಳನ್ನು ತೊಳೆದಳು, ಎಣ್ಣೆ ಹಚ್ಚಿದಳು, ಗಂಜಿ ಕುಡಿಸಿದಳು, ಕೌದಿಗಳನ್ನು ಕಾಲುವೆಗೆ ಒಯ್ದು ಒಗೆದು ತಂದಳು. ಮುದುಕಿ ಸುಮ್ಮನಿರುವವಳಲ್ಲ.

‘ನನ್ನ ಭತ್ತದ ಚೀಲ ಅಂತ ತಿಳದಿಯೇನ, ಹಿಂಗ ಹೊಳ್ಳಸ್ತಿ?’

‘ಚೀಲಾದ್ರ ಒದರೂದಿಲ್ರಿ ಅವ್ವಾರ.’

ಅನ್ನವ್ವ ನಕ್ಕಳು. ನಕ್ಕರೆ ಟೊಂಕ ನೋಯುತ್ತಿತ್ತು. ಅದಕ್ಕೂ ಇವಳನ್ನೇ ಬೈದಳು.

ಕೊಯ್ಲು ಹತ್ತಿರ ಬಂದಾಗ ಫಕ್ಕೀರವ್ವ ಲಕ್ಷ್ಮಪ್ಪನನ್ನು ಕೇಳಿದಳು. ನಾಟಿಯ ಕೂಲಿ ಹೋಗಿತ್ತು, ಕಳೆಯ ಕೂಲಿ ಹೋಗಿತ್ತು, ಈಗ ಕೊಯ್ಲಿನದೂ ಹೋಗುವುದಿತ್ತು. ಮನೆಯಲ್ಲಿ ಹಿರಿಮಗಳೊಬ್ಬಳೇ ದುಡಿಯುತ್ತಿದ್ದಳು. ಮಳೆಗಾಲದ ತನಕ ಉಣ್ಣಲು ಕಾಳು ಬೇಕು. ಲಕ್ಷ್ಮಪ್ಪ ಕೆಟ್ಟವನೇನಲ್ಲ. ಅವನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

‘ನೀ ಮನಿ ಮಗಳಿದ್ದಂಗ ಅದಿ. ಮಗಳಿಗೆ ಯಾರರೆ ಕೂಲಿ ಕೊಡ್ತಾರೇನು? ತಾಯಿನ್ನ ಕೂಲಿ ಕೊಟ್ಟು ನೋಡಸ್ಯಾನ ಅಂತ ಊರ ಮಂದಿ ನನ್ನ ಮಾರಿ ಮ್ಯಾಲೆ ಆಡ್ತಾರ.’

ಅನ್ನವ್ವನ ಹೆತ್ತ ಮಗಳು ಶಿಗ್ಗಾಂವದಲ್ಲಿ ಗಂಡನ ಮನೆಯಲ್ಲಿದ್ದಳು. ಒಮ್ಮೆ ಬಂದು ತಾಯಿಯ ಕೈ ಹಿಡಿದು ಅತ್ತು, ತವರಿನ ಹೊಸ ಸೀರೆ ಉಟ್ಟುಕೊಂಡು ಹೋಗಿದ್ದಳು. ಫಕ್ಕೀರವ್ವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆಗಲಿ ಅಂದು ಬಂದಳು.

ರಾಶಿಯ ದಿನ ಬೆಳಗ್ಗೆ ಅನ್ನವ್ವನ ಕೆಲಸವನ್ನೆಲ್ಲ ಮುಗಿಸಿ, ಮನೆಯಲ್ಲಿದ್ದ ದೊಡ್ಡ ಬುಟ್ಟಿ ಹಿಡಿದು ಅವಳು ಕಣಕ್ಕೆ ನಡೆದಳು. ರಾಶಿಗೆ ಪೂಜೆ ಆಗಿತ್ತು. ಬಡಿಗ, ಕಂಬಾರ, ಕ್ಷೌರ ಮಾಡುವ ಹಡಪದವ, ಎತ್ತಿನ ಕಾಲಿಗೆ ನಾಲು ಕಟ್ಟುವ ಇಸ್ಮಾಯಿಲಸಾಬ, ಎಲ್ಲರೂ ವರ್ಷದ ದುಡಿಮೆಗೆ ರಾಶಿಯಲ್ಲಿ ಸಲ್ಲುವ ಕಾಳಿನ ಪಾಲು, ಆಯ, ತೆಗೆದುಕೊಳ್ಳಲು ಸಾಲಾಗಿ ನಿಂತಿದ್ದರು. ಫಕ್ಕೀರವ್ವ ಚಪ್ಪಲಿ ಕಳೆದು ಆ ಸಾಲಿನ ಕೊನೆಗೆ ನಿಂತಳು. ತೂರಲು ಬಂದಿದ್ದ ಹೆಂಗಸರು ಮೊರ ಹಿಡಿದ ಕೈ ನಿಲ್ಲಿಸಿ ನೋಡಿದರು. ಆ ಸಾಲಿನಲ್ಲಿ ಹೆಂಗಸು ನಿಂತದ್ದನ್ನು ಅವರು ಕಂಡಿರಲಿಲ್ಲ.

ಇಸ್ಮಾಯಿಲಸಾಬ ತಿರುಗಿ ನೋಡಿದ. ‘ಫಕ್ಕೀರಕ್ಕಾ, ನಿಂದು ಯಾವ ಆಯ? ಕುಲುಮಿ ಹಾಕೀಯೇನು?’

‘ನಂದು ಮುಪ್ಪಿನ ಆಯ, ಸಾಬಣ್ಣ.’

ಸಾಲಿನಲ್ಲಿ ನಗೆ ಎದ್ದಿತು. ಲಕ್ಷ್ಮಪ್ಪ ನಗಲಿಲ್ಲ. ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎಂದು ಎಣಿಸಿ ಒಬ್ಬೊಬ್ಬರಿಗೂ ಅಳೆಯುತ್ತ ಬಂದ. ಕಣದಲ್ಲಿ ಇಲ್ಲ ಎಂಬ ಮಾತು ಆಡುವುದಿಲ್ಲ. ಆಡಿದರೆ ರಾಶಿಯ ಹುಲುಸು ಹೋಗುತ್ತದೆ ಎಂದು ನಂಬಿದ ಊರು ಅದು. ಫಕ್ಕೀರವ್ವನ ಸರದಿ ಬಂದಾಗ ಅವನು ಕೊಳಗ ಕೆಳಗಿಟ್ಟ. ಎರಡೂ ಕೈಯಿಂದ ಬೊಗಸೆ ತುಂಬ ಭತ್ತ ಎತ್ತಿ ಅವಳ ಬುಟ್ಟಿಗೆ ಹಾಕಿದ. ಬೇಡಲು ಬಂದವರಿಗೆ ಕೊಡುವ ರೀತಿ ಅದು.

ಫಕ್ಕೀರವ್ವ ಬುಟ್ಟಿಯ ತಳದ ಭತ್ತ ನೋಡಿದಳು. ಹೊರಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹೊರಟರೆ ಈ ವರ್ಷದ ದುಡಿಮೆ ಪೂರ ಭಿಕ್ಷೆಯಾಗಿಬಿಡುತ್ತಿತ್ತು. ಅವಳು ಬುಟ್ಟಿ ಬಾಗಿಸಿ ಆ ಭತ್ತವನ್ನು ಮರಳಿ ರಾಶಿಗೆ ಸುರಿದಳು. ನಗೆ ನಿಂತಿತು.

‘ನಿಮ್ಮ ಎತ್ತಿನ ಕಾಲು ಹಿಡಿದವರಿಗೆ ಕೊಳಗ. ನಿಮ್ಮ ಅವ್ವನ ಕಾಲು ಹಿಡಿದಾಕಿಗೆ ಬೊಗಸಿಯೇನ್ರಿ, ಯಜಮಾನ್ರ?’

ಲಕ್ಷ್ಮಪ್ಪ ರಾಶಿಯ ಕಡೆ ತಿರುಗಿಕೊಂಡ. ಅವಳು ಖಾಲಿ ಬುಟ್ಟಿ ಹಿಡಿದು ನಿಂತೇ ಇದ್ದಳು. ಬಿಸಿಲು ಇಳಿಯಿತು. ಚೀಲ ತುಂಬುವ ಆಳುಗಳು ಯಜಮಾನನ ಮುಖ ನೋಡುತ್ತ ಕುಳಿತರು. ಕೊನೆಗೆ ಇಸ್ಮಾಯಿಲಸಾಬ ಗಂಟಲು ಸರಿಮಾಡಿಕೊಂಡ.

‘ಸಾಲು ಮುಗದ ಮ್ಯಾಲೇ ರಾಶಿ ಎತ್ತೂದು, ಯಜಮಾನ್ರ. ನಮಗೂ ಮನಿ ಅದಾವು.’

ಅವನ ಮಾತಿಗೆ ಕಂಬಾರ ತಲೆಯಾಡಿಸಿದ. ಲಕ್ಷ್ಮಪ್ಪ ಕೊಳಗ ಎತ್ತಿಕೊಂಡ. ಒಂದು ಅಳೆದು ನಿಲ್ಲಿಸಿದ. ಫಕ್ಕೀರವ್ವ ಬುಟ್ಟಿ ಕದಲಿಸಲಿಲ್ಲ. ಹಡಪದವನಿಗೆ ಅಳೆದಷ್ಟು ಅಳೆಯುವ ತನಕ ಕದಲಿಸಲಿಲ್ಲ. ಆಮೇಲೆ ಲಕ್ಷ್ಮಪ್ಪ ತಗ್ಗಿದ ದನಿಯಲ್ಲಿ, ನಾಳೆಯಿಂದ ಮನೆಯ ಕಡೆ ಬರಬೇಡ ಅಂದ.

‘ಆಯ ಅಳದು ಕೊಟ್ಟೀರಿ. ಇನ್ನ ಬರೂ ಸುಗ್ಗಿತನಕ ಬರೂದು ನನ್ನ ಹಕ್ಕು. ಬೇಕಾದ್ರ ಸಾಲಿನ್ಯಾಗ ನಿಂತವರನ್ನ ಕೇಳ್ರಿ.’

ಅವನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ; ಆಯ ಅಳೆದುಕೊಟ್ಟರೆ ಮುಂದಿನ ಸುಗ್ಗಿಯ ತನಕ ಆ ಕೆಲಸ ಅವರದೇ ಎಂಬುದು ಊರ ರೂಢಿ. ಆಯ ತೆಗೆದುಕೊಂಡವನನ್ನು ನಡುವರ್ಷದಲ್ಲಿ ಬಿಡಿಸಬಹುದು ಎಂದರೆ ಅಲ್ಲಿದ್ದ ಪ್ರತಿಯೊಬ್ಬನ ಬುಟ್ಟಿಗೂ ಅದೇ ಗತಿ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಬಡಿಗ ಮುಂದೆ ಬಂದು ಭತ್ತದ ಬುಟ್ಟಿಗೆ ಕೈ ಹಚ್ಚಿ ಅವಳ ತಲೆಗೆ ಏರಿಸಿದ.

ಮರುದಿನ ಬೆಳಗ್ಗೆ ಅವಳು ಲಕ್ಷ್ಮಪ್ಪನ ಮನೆಗೆ ಮುಂಬಾಗಿಲಿನಿಂದಲೇ ಹೋದಳು. ಕಟ್ಟೆಯ ಮೇಲೆ ಕುಳಿತಿದ್ದ ಅವನು ಕಾಲು ಹಿಂದಕ್ಕೆಳೆದು ದಾರಿ ಬಿಟ್ಟ. ಒಳಗೆ ಸುಶೀಲವ್ವ ಗಂಜಿ ಕಾಸಿ ಇಟ್ಟುಕೊಂಡು ಕಾಯುತ್ತಿದ್ದಳು. ಸುದ್ದಿ ಆಗಲೇ ಅನ್ನವ್ವನ ಹಾಸಿಗೆ ಮುಟ್ಟಿತ್ತು.

‘ಎಷ್ಟು ಅಳದಾನ ನನ್ನ ಮಗ?’

ಹಡಪದವನಿಗೆ ಅಳೆದಷ್ಟು ಎಂದು ಫಕ್ಕೀರವ್ವ ಹೇಳಿದಳು.

‘ಕಡಿಮಿ ಆತು. ಹಡಪದವ ನನ್ನ ಎತ್ತಿ ಕುಂದ್ರಸ್ತಾನೇನು? ಬರೂ ಸುಗ್ಗಿಗೆ ಇನ್ನೊಂದು ಕೊಳಗ ಕೇಳು.’

‘ಕೇಳ್ತೇನ್ರಿ. ಈಗ ಈ ಮಗ್ಗಲಿಗೆ ಹೊಳ್ಳರಿ.’