ಹಳ್ಳದ ಆಚೆ ಕಸ್ತೂರಿಯ ಮನೆ

ಆ ಹೈಸ್ಕೂಲಿಗೆ ಹಾಜರಾದ ಮೊದಲ ಮಧ್ಯಾಹ್ನ ನಾನು ಹತ್ತನೆಯ ತರಗತಿಯಲ್ಲಿ ತ್ರಿಭುಜದ ಪಾಠ ಶುರು ಮಾಡಿದ್ದೆ. ಹುಡುಗಿಯರ ಸಾಲಿನಲ್ಲಿ ಒಬ್ಬಳು ಸದ್ದಿಲ್ಲದೆ ಪಕ್ಕಕ್ಕೆ ವಾಲಿ ಬೆಂಚಿನಿಂದ ಕೆಳಗೆ ಜಾರಿದಳು. ನಾನು ಸೀಮೆಸುಣ್ಣ ಹಿಡಿದೇ ಓಡಿದೆ. ಅಷ್ಟರಲ್ಲಿ ಒಬ್ಬಳು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಿದ್ದಳು. ಇನ್ನೊಬ್ಬಳು ತನ್ನ ಚೀಲದಿಂದ ಈರುಳ್ಳಿ ತೆಗೆದು, ನೆಲಕ್ಕೆ ಗುದ್ದಿ ಒಡೆದು, ಬಿದ್ದವಳ ಮೂಗಿಗೆ ಹಿಡಿದಳು. ಹುಡುಗರು ಎದ್ದು ಕಿಟಕಿಗಳನ್ನು ತೆರೆದು ಗೋಡೆಯ ಕಡೆ ಮುಖ ಮಾಡಿ ನಿಂತರು. ಯಾರೂ ಕೂಗಲಿಲ್ಲ. ಹಿಂದಿನ ಬೆಂಚಿನವಳೊಬ್ಬಳು ಬೋರ್ಡಿನ ಮೇಲಿದ್ದುದನ್ನು ಬರೆದುಕೊಳ್ಳುತ್ತಲೇ ಇದ್ದಳು.

ಆಂಬುಲೆನ್ಸಿಗೆ ಫೋನು ಮಾಡಲು ಹೊರಟ ನನ್ನನ್ನು ಈರುಳ್ಳಿಯ ಹುಡುಗಿ ತಡೆದಳು. "ಬ್ಯಾಡ್ರಿ ಟೀಚರ್. ಈಗ ಏಳ್ತಾಳ್ರಿ" ಎಂದಳು. ಹಾಗೆಯೇ ಆಯಿತು. ಬಿದ್ದವಳು ಕಣ್ಣು ಬಿಟ್ಟು, ಲಂಗದ ಧೂಳು ಕೊಡವಿಕೊಂಡು, ಪೆನ್ನು ಹುಡುಕತೊಡಗಿದಳು. ಅವಳ ಹೆಸರು ರೇಣುಕಾ.

ನಮ್ಮ ಮೈಸೂರಿನ ಕಡೆ ಮಕ್ಕಳ ಚೀಲದಲ್ಲಿ ಮಾವಿನಕಾಯಿ, ಹುಣಸೆಹಣ್ಣು ಸಿಕ್ಕಿದೆ. ಈರುಳ್ಳಿಯನ್ನು ನಾನು ನೋಡಿದ್ದು ಅದೇ ಮೊದಲು. ಇಲ್ಲಿ ಅದನ್ನು ಉಳ್ಳಾಗಡ್ಡಿ ಎನ್ನುತ್ತಾರೆ. ಆ ದಿನ ಗಮನಿಸಿದರೆ ಹುಡುಗಿಯರಲ್ಲಿ ಬಹಳ ಜನರ ಚೀಲದಲ್ಲಿ ಒಂದೊಂದು ಇತ್ತು.

ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಕಪಿಲೆಯ ಗಾಳಿ ಬಿಟ್ಟು ಬೇರೆ ಗಾಳಿ ಕುಡಿಯದ ನನಗೆ ಸರ್ಕಾರಿ ಗಣಿತ ಶಿಕ್ಷಕಿಯ ಕೆಲಸ ಸಿಕ್ಕಿದ್ದು ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅಲ್ಲಿನ ಮಕ್ಕಳು ಇನ್ನೂ ಅಲ್ಲೇ ಓದುತ್ತಿದ್ದಾರೆ. ನಾನು ಇಂಡಿಯಲ್ಲಿ ಮನೆ ಮಾಡಿ ದಿನವೂ ಟೆಂಪೋದಲ್ಲಿ ಹೋಗಿ ಬರುತ್ತೇನೆ. ಬೆಳಗಿನ ಟೆಂಪೋದಲ್ಲಿ ನಿಂಬೆಹಣ್ಣಿನ ಖಾಲಿ ಚೀಲಗಳ ಮೇಲೆ ಕೂತು ಬಂದರೆ ಸಂಜೆಯವರೆಗೆ ಸೀರೆಗೆ ಆ ವಾಸನೆ.

ಮನೆ ಸಿಕ್ಕಿದ್ದು ಹಸೀನಾಬಿ ಎಂಬ ವಿಧವೆಯ ಮನೆಯ ಹಿಂದಿನ ಕೋಣೆ. ಮೊದಲ ದಿನ ಬಾಗಿಲು ತಟ್ಟಿದಾಗ ಅವರು "ಯಾರು? ಯಾಕ ಬಂದಿ?" ಎಂದರು. ನಮ್ಮ ಕಡೆ ಹಾಗೆ ಕೇಳಿದರೆ ಜಗಳಕ್ಕೆ ಕರೆದ ಹಾಗೆ. ನಾನು ವಾಪಸು ಹೊರಟಿದ್ದೆ. ಅವರು ಹಿಂದೆಯೇ ಬಂದು ನನ್ನ ಸೂಟ್‌ಕೇಸನ್ನು ಕಸಿದುಕೊಂಡು ಒಳಗಿಟ್ಟರು. ಇಲ್ಲಿಯ ಮಾತು ಹಾಗೆ, ಎದುರಿಗೆ ಬಂದು ಡಿಕ್ಕಿ ಹೊಡೆದು ಆಮೇಲೆ ತಬ್ಬಿಕೊಳ್ಳುತ್ತದೆ. ನಮ್ಮದು ದೂರದಿಂದಲೇ ಕೈ ಮುಗಿಯುತ್ತದೆ, ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತದೆ. ರೊಟ್ಟಿ ಬಡಿಯಲು ನನಗೆ ಇನ್ನೂ ಬರುವುದಿಲ್ಲ. ಅನ್ನವಿಲ್ಲದೆ ರಾತ್ರಿ ಕಳೆಯಲು ಕಲಿತಿದ್ದೇನೆ, ಶೇಂಗಾ ಚಟ್ನಿಪುಡಿ ಇಲ್ಲದೆ ಕಳೆಯಲು ಈಗ ಆಗುವುದಿಲ್ಲ. ಮೈಸೂರಿನಲ್ಲಿ ನಾನು ಮಕ್ಕಳಿಗೆ ಮಿಸ್ ಆಗಿದ್ದೆ. ಇಲ್ಲಿ ಮಕ್ಕಳಿಗೆ ಟೀಚರ್, ಊರ ಹಿರಿಯರಿಗೆ ಅಕ್ಕೋರು. ಅಕ್ಕನಿಗೆ ಬಹುವಚನ ಸೇರಿಸಿ ಮಾಡಿದ ಆ ಪದವನ್ನು ಮೊದಲ ಸಲ ಕೇಳಿದಾಗ ಯಾರನ್ನು ಕರೆಯುತ್ತಿದ್ದಾರೆಂದು ಹಿಂತಿರುಗಿ ನೋಡಿದ್ದೆ.

ಹುಡುಗಿಯರು ಬೀಳುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ಎಂಟನೆಯ ತರಗತಿಯಲ್ಲಿ, ಇನ್ನೊಂದು ದಿನ ಪ್ರಾರ್ಥನೆಯ ಸಾಲಿನಲ್ಲಿ. ಒಬ್ಬಳು ಬಿದ್ದರೆ ಅದನ್ನು ನೋಡಿ ಮತ್ತೊಬ್ಬಳು. ಆರೋಗ್ಯ ಕೇಂದ್ರದ ಡಾಕ್ಟರು ಬಂದು ನೋಡಿ, ಹುಡುಗಿಯರಿಗೆ ರಕ್ತ ಕಡಿಮೆ, ಮೈಯಲ್ಲಿ ನೀರಿಲ್ಲ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಹೋದರು. ನೀರಿಲ್ಲ ಎಂದದ್ದು ಯಾಕೆಂದು ನನಗೆ ಹೊಳೆಯಲು ತಡವಾಗಲಿಲ್ಲ. ಎರಡನೆಯ ವಾರದಿಂದ ನಾನೂ ಶಾಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಹುಡುಗರು ಆಡುವ ಜಾಗದ ನಲ್ಲಿಯಿಂದ ಬಕೆಟ್ಟು ಹೊತ್ತು ಎಲ್ಲರ ಮುಂದೆ ನಡೆದು ಹೋಗಬೇಕಿತ್ತು. ಬೆಳಿಗ್ಗೆ ಮನೆ ಬಿಟ್ಟ ಹುಡುಗಿ ಸಂಜೆ ಮನೆ ಸೇರುವವರೆಗೆ ಬಾಯಿ ಕಟ್ಟಿಕೊಂಡು ಕೂರುತ್ತಿದ್ದಳು.

ನಮ್ಮ ಹೆಡ್ ಮಾಸ್ಟರು ನಿವೃತ್ತಿಯ ಹತ್ತಿರ ಇದ್ದವರು, ಒಳ್ಳೆಯವರು, ದಣಿದವರು. ನಾನು ಹೇಳಿದ್ದನ್ನು ತಲೆ ತಗ್ಗಿಸಿಕೊಂಡು ಕೇಳಿದರು. ಮರುದಿನವೇ ಬಡಿಗ ಬಂದ. ವಾರದೊಳಗೆ ಪೈಪೂ ಬಂತು. ಹುಡುಗಿಯರು ಊಟದ ಬಿಡುವಿನಲ್ಲಿ ಗಟಗಟ ನೀರು ಕುಡಿಯುವುದನ್ನು ನೋಡಿ ನಾನು ಅಮ್ಮನಿಗೆ ಫೋನು ಮಾಡಿ ದೊಡ್ಡದೇನೋ ಗೆದ್ದವಳ ಹಾಗೆ ಹೇಳಿಕೊಂಡೆ. ಬೀಳುವವರು ಕಡಿಮೆಯಾದರು.

ಆದರೆ ರೇಣುಕಾ ಬೀಳುತ್ತಲೇ ಇದ್ದಳು. ಅವಳು ನೀರು ಕುಡಿಯುತ್ತಿದ್ದಳು, ಮಾತ್ರೆಯನ್ನೂ ನುಂಗುತ್ತಿದ್ದಳು. ಬಿಸಿಲಿನ ದಿನ ಚೆನ್ನಾಗಿಯೇ ಇರುತ್ತಿದ್ದಳು, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಕಿಟಕಿಯಾಚೆ ಮೋಡ ಕಪ್ಪಾದರೆ ಅವಳ ಕೈ ಬೆಂಚಿನ ಅಂಚನ್ನು ಹಿಡಿಯುತ್ತಿತ್ತು. ನಮ್ಮ ಕಡೆ ಮಕ್ಕಳು ಮೋಡ ನೋಡಿದರೆ ಕುಣಿಯುತ್ತಾರೆ. ಇಲ್ಲಿ ಮಳೆ ಅಪರೂಪ, ಇನ್ನೂ ಹೆಚ್ಚು ಕುಣಿಯಬೇಕಲ್ಲ ಎಂದುಕೊಂಡಿದ್ದೆ. ಮೋಡದ ದಿನ ಆ ತರಗತಿಯೇ ಉಸಿರು ಹಿಡಿದು ಕೂರುತ್ತಿತ್ತು.

ಕಾರಣ ಹೇಳಿದವರು ಹೆಡ್ ಮಾಸ್ಟರು, ಅದೂ ಬಾಗಿಲು ಮುಂದೆ ಮಾಡಿ. ಊರಿನಿಂದ ದೂರ, ಹೊಲಗಳ ನಡುವೆ ಕಟ್ಟಿಕೊಂಡ ಮನೆಗಳನ್ನು ಇಲ್ಲಿ ವಸ್ತಿ ಎನ್ನುತ್ತಾರೆ. ರೇಣುಕಾ ಇರುವ ವಸ್ತಿಗೂ ಶಾಲೆಗೂ ನಡುವೆ ಒಂದು ಹಳ್ಳ. ವರ್ಷದ ಬಹುಪಾಲು ಅದು ಒಣ ಮರಳು. ಹಿಂದಿನ ವರ್ಷ ಮಳೆಗಾಲದಲ್ಲಿ, ಶಾಲೆ ಬಿಟ್ಟ ಹೊತ್ತಿನಲ್ಲಿ, ಇಲ್ಲಿ ಹನಿಯೂ ಬೀಳದಿದ್ದರೂ ಮೇಲಿನ ಹೊಲಗಳಲ್ಲಿ ಬಿದ್ದ ಮಳೆ ಒಮ್ಮೆಲೇ ಹಳ್ಳಕ್ಕೆ ಬಂತು. ಕೈ ಕೈ ಹಿಡಿದು ದಾಟುತ್ತಿದ್ದ ಹುಡುಗಿಯರಲ್ಲಿ ಕಸ್ತೂರಿ ಎಂಬವಳು ಕೊಚ್ಚಿಹೋದಳು; ಅವಳ ಕೈ ಹಿಡಿದಿದ್ದವಳು ರೇಣುಕಾ. ಅಂದಿನಿಂದ ಹೆಡ್ ಮಾಸ್ಟರು ಶಾಲೆಯಲ್ಲಿ ಆ ಹೆಸರು ಎತ್ತಬಾರದೆಂದು ಎಲ್ಲರಿಗೂ ಹೇಳಿದ್ದರು. ಮಕ್ಕಳು ಅಂಜಿಕೊಂಡಾರು ಎಂಬುದು ಅವರ ಕಾಳಜಿ. ಮಕ್ಕಳು ಹೆಸರು ಎತ್ತಲಿಲ್ಲ. ಈರುಳ್ಳಿ ತರತೊಡಗಿದರು. ಅದರ ಘಾಟಿಗೆ ಗಾಳಿ, ಎಂದರೆ ಸತ್ತವರ ನೆರಳು, ಹತ್ತಿರ ಬರುವುದಿಲ್ಲವಂತೆ.

ಊರಿನಲ್ಲಿ ಆಗಲೇ ಮಾತು ಬೆಳೆದಿತ್ತು. ಕಸ್ತೂರಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದಾಳೆ, ರೇಣುಕಾಳನ್ನು ಬಿಡುವುದಿಲ್ಲ ಎಂದು. ಆಗಸ್ಟಿನ ಒಂದು ದಿನ ರೇಣುಕಾಳ ಅಜ್ಜಿ ಶಾಲೆಗೆ ಬಂದು, ಹುಡುಗಿಯನ್ನು ಇನ್ನು ಕಳಿಸುವುದಿಲ್ಲ ಎಂದಳು. ತಾಯಿ ತಂದೆ ದುಡಿಯಲು ಪುಣೆಯಲ್ಲಿದ್ದರು. ಮನೆಯ ತೀರ್ಮಾನ ಅವಳದೇ. ದಾರ ಕಟ್ಟಿಸಿದ್ದಾಯಿತು, ಯಂತ್ರ ಬರೆಸಿದ್ದಾಯಿತು, ಇನ್ನು ಮನೆಯಲ್ಲಿರಲಿ, ಯಾರಾದರೂ ಕೇಳಿಕೊಂಡು ಬಂದರೆ ಮದುವೆ ಮಾಡೋಣ ಎಂದಳು. ನಾನು ಪರೀಕ್ಷೆಯ ಬಗ್ಗೆ, ಕಾನೂನಿನ ಬಗ್ಗೆ, ಅವಳು ಲೆಕ್ಕದಲ್ಲಿ ಎಷ್ಟು ಜಾಣೆ ಎಂಬುದರ ಬಗ್ಗೆ ಹೇಳಿದೆ. ಅಜ್ಜಿ ಎಲ್ಲವನ್ನೂ ಕೇಳಿ ಹೇಳಿದಳು:

"ಜೀವ ಇದ್ರ ಸಾಲಿ, ಅಕ್ಕೋರ."

ಸಂಜೆ ಹಸೀನಾಬಿಯವರ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಡಾಕ್ಟರು ಹೀಗಂದರು, ಹೆಡ್ ಮಾಸ್ಟರು ಹೀಗಂದರು, ಅಜ್ಜಿ ಹೀಗಂದಳು. ಅವರು ರೊಟ್ಟಿಯನ್ನು ಹಂಚಿನ ಮೇಲೆ ಹೊರಳಿಸುತ್ತಾ, "ಆ ಹುಡುಗಿ ಏನಂತಾಳ?" ಎಂದು ಕೇಳಿದರು. ಅವಳನ್ನು ಯಾರೂ ಕೇಳಿರಲಿಲ್ಲ.

ಆ ಭಾನುವಾರ ಅಜ್ಜಿಗೆ ಫೋನು ಮಾಡಿ ವಸ್ತಿಗೆ ಹೋದೆ. ನನ್ನನ್ನು ಕರೆದೊಯ್ಯಲು ರೇಣುಕಾಳೇ ಹಳ್ಳದ ತನಕ ಬಂದಿದ್ದಳು. ಹಳ್ಳ ಒಣಗಿತ್ತು, ನಡುವೆ ಒಂದು ಗುಂಡಿಯಲ್ಲಿ ಮಾತ್ರ ನೀರು ನಿಂತಿತ್ತು. ಇಷ್ಟು ಸಣ್ಣದೇ ಎಂದು ನನಗೆ ಗಾಬರಿಯಾಯಿತು. ತುಂಬಿದ ಕಪಿಲೆಯನ್ನು ನೋಡಿ ಬೆಳೆದವಳು ನಾನು. ನಮ್ಮ ಹೊಳೆ ಬರುವ ಮುಂಚೆ ದಿನಗಟ್ಟಲೆ ಬರುತ್ತೇನೆಂದು ಹೇಳುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಹಳ್ಳ ಏನನ್ನೂ ಹೇಳುವುದಿಲ್ಲ.

ಅಂದು ಏನಾಯಿತು ಎಂದು ಕೇಳಿದೆ. ಅವಳು ಎದುರಿನ ದಂಡೆಯ ಕಡೆ ನೋಡಿಕೊಂಡು ಹೇಳಿದಳು:

"ಎಲ್ಲಾರೂ ಕೈ ಜಾರಿತು ಅಂತಾರ್ರಿ. ಜಾರಲಿಲ್ರಿ ಟೀಚರ್. ನಾನ ಬಿಟ್ಟೆನ್ರಿ."

ನೀರು ಎದೆಗೆ ಬಂದಾಗ ತನಗೆ ಅಂಜಿಕೆಯಾಯಿತು, ಬೇರು ಹಿಡಿಯಲು ಎರಡೂ ಕೈ ಬೇಕಾದವು ಎಂದಳು. ಅದನ್ನು ಇಡೀ ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಬಿ.ಎಡ್.ನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಓದಿದ್ದೆ, ಅದರಲ್ಲಿ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಹಿಡಿಸಿಕೊಂಡಳು, ತಾನು ಹಿಡಿಯಲಿಲ್ಲ.

ಹಳ್ಳ ದಾಟಿದ ಕೂಡಲೇ ಮೊದಲು ಸಿಗುವುದು ಕಸ್ತೂರಿಯ ಮನೆ, ಅದರಾಚೆ ರೇಣುಕಾಳದು. ಅಂದಿನಿಂದ ಆ ಹಾದಿ ಬಿಟ್ಟು ಅವಳು ತೊಗರಿ ಹೊಲದೊಳಗೆ ಸುತ್ತಿ ಹೋಗುತ್ತಿದ್ದಳು. ಅಂದೂ ಸುತ್ತಿ ಹೋಗೋಣ ಎಂದಳು. ಆದರೆ ಕಸ್ತೂರಿಯ ತಾಯಿ ಅಂಗಳದಲ್ಲಿ ನಿಂತು ನಮ್ಮನ್ನು ನೋಡಿಬಿಟ್ಟಿದ್ದಳು. "ಬರ್ರಿ ಅಕ್ಕೋರ" ಎಂದು ಕೂಗಿದಳು. ರೇಣುಕಾ ನನ್ನ ಬೆನ್ನಿಗೆ ಅಂಟಿಕೊಂಡೇ ಬಂದಳು.

ಗೌರವ್ವ ಎಂಬ ಆ ಹೆಂಗಸು ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ನನ್ನ ಊರು, ಮನೆ ವಿಚಾರಿಸಿದಳು. ರೇಣುಕಾ ಲೋಟವನ್ನು ಬಾಯಿಗೆ ಒಯ್ಯಲಿಲ್ಲ. ಆಮೇಲೆ ಗೌರವ್ವ ಅವಳ ಮುಂದೆ ನೆಲದ ಮೇಲೆ ಕೂತು ಮೆತ್ತಗೆ ಕೇಳಿದಳು:

"ಒಂದು ಕೇಳ್ತೇನಿ ತಂಗಿ, ಸಿಟ್ಟಾಗಬ್ಯಾಡ. ಆಕಿ ಕಡೀಗೆ ಏನಂದ್ಳು?"

ನನಗೆ ಆಗ ತಿಳಿಯಿತು. ಈ ತಾಯಿಗೂ ಯಾರೂ ಏನನ್ನೂ ಹೇಳಿರಲಿಲ್ಲ. ಅವಳ ಮುಂದೆ ಮಗಳ ಹೆಸರು ಎತ್ತಬಾರದೆಂದು ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತ್ತು, ಶಾಲೆಯ ಹಾಗೆಯೇ. ಕೊನೆಯ ಮಾತು ಕೇಳಿದವಳು ರೇಣುಕಾ ಒಬ್ಬಳೇ, ಅವಳು ಹೊಲ ಸುತ್ತಿ ಹೋಗುತ್ತಿದ್ದಳು.

ರೇಣುಕಾ ಅಳುತ್ತಲೇ ಹೇಳಿದಳು. ಕಸ್ತೂರಿಯ ಒಂದು ಚಪ್ಪಲಿ ಮೊದಲು ತೇಲಿ ಹೋಯಿತು. ಹೊಸ ಚಪ್ಪಲಿ. ಅದು ಸುತ್ತು ತಿರುಗುತ್ತಾ ಹೋಗುವುದನ್ನು ನೋಡಿ ಅವಳು, "ನಮ್ಮವ್ವ ಬೈತಾಳಲೇ" ಎಂದಳು. ಎಂದು ನಕ್ಕಳು. ಆಗಲೇ ದೊಡ್ಡ ನೀರು ಬಂದದ್ದು. ಆಮೇಲೆ, ನಾ ಕೈ ಬಿಟ್ಟೆನ್ರಿ ಎಂದಳು.

ಕೈ ಬಿಟ್ಟ ಮಾತು ಗೌರವ್ವನ ಕಿವಿಗೆ ಬಿದ್ದಿತೋ ಇಲ್ಲವೋ. ಅವಳು ಅದರ ಹಿಂದಿನ ಮಾತಿನ ಹತ್ತಿರವೇ ನಿಂತಿದ್ದಳು.

"ನಕ್ಕಳು?"

"ಹೌದ್ರಿ."

"ಚೀರಲಿಲ್ಲ?"

"ಇಲ್ರಿ. ನಕ್ಕಳ್ರಿ."

ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾವು ಕಾದೆವು. ಹೊರಗೆ ಬಂದಾಗ ಅವಳ ಕೈಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಒಂದನ್ನು ನನಗೆ, ಒಂದನ್ನು ರೇಣುಕಾಳಿಗೆ ಕೊಟ್ಟಳು. ನಿನ್ನದೇನೂ ತಪ್ಪಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿಯಾಳೆಂದು ನಾನು ಕಾಯುತ್ತಿದ್ದೆ, ರೇಣುಕಾಳೂ ಕಾಯುತ್ತಿದ್ದಳು. ಅವಳು ಹೇಳಿದ್ದು ಬೇರೆ:

"ನಾಳಿ ಸಾಲಿಗಿ ಹೋಗುಮುಂದ ಈ ಹಾದೀಲೇ ಬಾ. ಹಳ್ಳದ ತನಕ ನಾ ಬರ್ತೇನಿ."

ಅಜ್ಜಿಯ ಮನೆಗೆ ಹೋಗಿ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ. ಗೌರವ್ವ ತಾನೇ ಕರೆದುಕೊಂಡು ಹೋಗುತ್ತಾಳೆಂದರೆ ಬೇಡ ಎನ್ನುವ ಬಾಯಿ ಆ ವಸ್ತಿಯಲ್ಲಿ ಯಾರಿಗಿದೆ? ಮರುದಿನ ರೇಣುಕಾ ಶಾಲೆಗೆ ಬಂದಳು. ನಡೆದದ್ದನ್ನು ನಾನು ಹೆಡ್ ಮಾಸ್ಟರಿಗೆ ಹೇಳಿದ್ದೆ; ವಾರ ಕಳೆದ ಮೇಲೆ ಅವರು ಪ್ರಾರ್ಥನೆ ಮುಗಿಸಿ, ಕೈ ಹಿಂದೆ ಕಟ್ಟಿಕೊಂಡು, ಕಸ್ತೂರಿಯ ಹೆಸರನ್ನು ತಾವೇ ಎತ್ತಿದರು. ಅವಳು ಖೋಖೋ ಚೆನ್ನಾಗಿ ಆಡುತ್ತಿದ್ದಳು ಎಂದಷ್ಟೇ ಹೇಳಿ ಆಫೀಸಿಗೆ ಹೋಗಿಬಿಟ್ಟರು. ಆ ದಿನ ತರಗತಿಗಳಲ್ಲಿ ಪಾಠ ಆಗಲಿಲ್ಲ. ಮಕ್ಕಳು ಅವಳ ಬಗ್ಗೆ ಮಾತಾಡಿದರು, ಅತ್ತರು, ಒಂದೆರಡು ಸಲ ಜೋರಾಗಿ ನಕ್ಕರು ಕೂಡ. ಈಗ ಮೋಡ ಕವಿದರೆ ವಸ್ತಿಯ ಮಕ್ಕಳನ್ನು ಬೇಗ ಬಿಡುತ್ತೇವೆ, ಶಿಕ್ಷಕರಲ್ಲಿ ಒಬ್ಬರು ಜೊತೆಗೆ ಹೋಗುತ್ತಾರೆ. ನೀರಿದ್ದರೆ ದಾಟಿಸುವುದಿಲ್ಲ, ಊರಲ್ಲೇ ಉಳಿಸಿಕೊಳ್ಳುತ್ತೇವೆ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ರೇಣುಕಾ ಆಮೇಲೂ ಬಿದ್ದಿದ್ದಾಳೆ. ಏಳುವಾಗ ಈಗ ಅಳುತ್ತಾಳೆ. ಅದು ಒಳ್ಳೆಯದೋ ಅಲ್ಲವೋ ನನಗೆ ತಿಳಿಯದು. ನಾನು ಮೋಡದ ದಿನ ಹಳ್ಳದ ತನಕ ಹೋದಾಗ, ಆಚೆ ದಂಡೆಯಲ್ಲಿ ಗೌರವ್ವ ಬಂದು ನಿಂತಿರುತ್ತಾಳೆ. ಮಕ್ಕಳು ಒಬ್ಬೊಬ್ಬರಾಗಿ ದಾಟಿ ಅವಳನ್ನು ಹಾದು ಮನೆಗೆ ಹೋಗುತ್ತಾರೆ. ಕೊನೆಯವಳು ಹೋದ ಮೇಲೂ ಅವಳು ಹಳ್ಳದ ಕಡೆಯೇ ನೋಡುತ್ತಿರುತ್ತಾಳೆ, ಇನ್ನೂ ಒಬ್ಬಳು ಬರಬೇಕಿದೆ ಎನ್ನುವ ಹಾಗೆ. ನಾನು ಬೆನ್ನು ತಿರುಗಿಸಿ ಹೊರಡಲಾರದೆ ಈಚೆ ನಿಂತಿರುತ್ತೇನೆ.

ದಸರೆಗೆ ನಂಜನಗೂಡಿಗೆ ಹೋದೆ. ಅಮ್ಮ ಅನ್ನ, ಹುಳಿ, ಕೋಸಂಬರಿ ಎಲ್ಲ ಮಾಡಿ ಕಾಯುತ್ತಿದ್ದಳು. ವರ್ಗಾವಣೆ ಯಾವಾಗ ಎಂದು ಮನೆಗೆ ಬಂದವರೆಲ್ಲ ಕೇಳಿದರು, ಓದುತ್ತಿರುವ ನೀವೂ ಕೇಳುತ್ತೀರಿ. ಅರ್ಜಿ ಹಾಕುವ ಕಾಲ ಬಂದರೆ ಹಾಕುತ್ತೇನೆ ಎಂದೆ. ಸುಳ್ಳಲ್ಲ, ನಿಜವೂ ಅಲ್ಲ. ಒಂದು ಮಧ್ಯಾಹ್ನ ಮೋಡ ಕವಿಯಿತು. ಶಾಲೆ ಬಿಡುವ ಹೊತ್ತು. ಟಿವಿಯಲ್ಲಿ ವಿಜಯಪುರದ ಕಡೆ ಮಳೆ ಎಂದು ಬರುತ್ತಿತ್ತು. ತಡೆಯಲಾಗದೆ ರೇಣುಕಾಳ ಅಜ್ಜಿಯ ಫೋನಿಗೆ ಕರೆ ಮಾಡಿದೆ. ಎತ್ತಿದವಳು ರೇಣುಕಾ.

"ಹಳ್ಳಕ್ಕ ನೀರ ಬಂದೈತೇನು?" ಎಂದೆ.

"ಇಲ್ರಿ ಟೀಚರ್. ಸೂಟಿ ಐತೆಲ್ರಿ, ಯಾರೂ ದಾಟೂದಿಲ್ರಿ" ಎಂದಳು. ಸೂಟಿ ಎಂದರೆ ಆ ಕಡೆ ರಜೆ. ಮತ್ತೆ ಹೇಳಿದಳು: "ಗೌರವ್ವ ಮಾತ್ರ ಹೋಗಿ ನಿಂತಾಳ್ರಿ."

ಒಳಗಿನಿಂದ ಅಮ್ಮ, ಯಾರ ಹತ್ತಿರ ಮಾತು, ಇದ್ಯಾವ ಸೀಮೆ ಭಾಷೆ ಎಂದು ನಗುತ್ತಾ ಕೇಳಿದಳು. ನಾನು ಫೋನು ಕಿವಿಗಿಟ್ಟುಕೊಂಡೇ ಬಾಗಿಲಿಗೆ ಬಂದು, ಖಾಲಿ ಬೀದಿಯನ್ನು ನೋಡುತ್ತಾ ನಿಂತುಕೊಂಡೆ.