ಮೋಹನದಾಸರು ಕೂತ ಜಾಗಗಳು

ಕಟ್ಟಡಗಳ ಬೆಳಕಿನ ವಿನ್ಯಾಸವೆಂಬುದು ಚೆನ್ನಾಗಿ ಮಾಡಿದಷ್ಟೂ ಯಾರ ಗಮನಕ್ಕೂ ಬಾರದ ಕೆಲಸ. ಕಟ್ಟಡ ಎದ್ದು ನಿಂತರೆ ವಾಸ್ತುಶಿಲ್ಪಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ, ಉದ್ಘಾಟಿಸಿದ ಗಣ್ಯರ ಹೆಸರನ್ನು ಅದಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಕೆತ್ತಿಸುತ್ತಾರೆ. ಆ ಕಲ್ಲನ್ನು ಓದಲು ಬೆಳಕು ಎಲ್ಲಿಂದ ಬೀಳಬೇಕೆಂದು ತಲೆ ಕೆಡಿಸಿಕೊಂಡವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಅಂಥ ಕೆಲಸದಲ್ಲಿ ಮೂವತ್ತೊಂಬತ್ತು ವರ್ಷ ಕಳೆದು ಈಗ ನಿವೃತ್ತರಾಗುತ್ತಿರುವ ಶ್ರೀ ಮೋಹನದಾಸರು ನಮ್ಮ ವೃತ್ತಿಯ ಹಿರಿಯರು, ಈ ಊರಿನ ಎಷ್ಟೋ ಕಚೇರಿ, ಗ್ರಂಥಾಲಯ, ಮಾಲ್‌ಗಳಲ್ಲಿ ಜನ ಕಣ್ಣು ಕಿರಿದು ಮಾಡದೆ ಓಡಾಡುತ್ತಿರುವುದಕ್ಕೆ ಕಾರಣರಾದವರು. ಕೋಲ್ಕತ್ತಾದ ಕನ್ನಡಿಗರೂ ಸಹೋದ್ಯೋಗಿಗಳೂ ಸೇರಿ ತರುತ್ತಿರುವ ಈ ಗ್ರಂಥಕ್ಕೆ, ಅವರ ಕೈಕೆಳಗೆ ಹದಿನಾರು ವರ್ಷ ದುಡಿದ ಈ ಲೇಖಕಿಯಿಂದ ಲೇಖನ ಬೇಕೆಂದಾಗ, ಮೋಹನದಾಸರು ಒಂದೇ ಷರತ್ತು ಹಾಕಿದರು. ಖಿದಿರ್‌ಪುರದ ಆಸ್ಪತ್ರೆಯ ಸಂಗತಿಯನ್ನು ಬಿಡಕೂಡದು. ಅಭಿನಂದನ ಗ್ರಂಥದಲ್ಲಿ ತಮ್ಮ ತಪ್ಪೇ ಮುಖ್ಯವಾಗಿ ಬರಬೇಕೆಂದು ಹಟ ಹಿಡಿದ ಸನ್ಮಾನಿತರು ಬಹುಶಃ ಇವರೊಬ್ಬರೇ ಇರಬೇಕು.

ಉಡುಪಿಯ ಕಡೆಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದ ತಂದೆಗೆ ಈ ಊರಿಗೆ ವರ್ಗವಾದಾಗ ಮೋಹನದಾಸರಿಗೆ ಎಂಟು ವರ್ಷ. ತಂದೆ ನಿವೃತ್ತರಾಗಿ ಊರಿಗೆ ಮರಳಿದರು; ಮಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಇಲ್ಲಿಯೇ ಉಳಿದರು. ಟ್ಯೂಬ್‌ಲೈಟಿನ ಚೋಕು ಗುಂಯ್‌ಗುಡುತ್ತಿದ್ದ ಆ ಕಾಲದಲ್ಲಿ, ಕೋಣೆಗೆ ಎಷ್ಟು ದೀಪ ಎಂದು ಕೇಳುವವರಿದ್ದರೇ ಹೊರತು ಯಾರ ಕಣ್ಣಿಗೆ ಎಂದು ಕೇಳುವವರಿರಲಿಲ್ಲ. ಮೋಹನದಾಸರು ಕೇಳಿದರು. ಮುಂದೆ ಈ ಊರಿನದೇ ಕಸ್ಬಾ ಬಡಾವಣೆಯಲ್ಲಿ ಮಿಹಿರ್ ಎಂಬ ಗೆಳೆಯರು ಬೆಳಕಿನ ವಿನ್ಯಾಸದ ಸಂಸ್ಥೆ ತೆರೆದಾಗ ಅದರ ಮೊದಲ ನೌಕರರಾಗಿ ಸೇರಿ, ಕೊನೆಯವರೆಗೂ ಅಲ್ಲಿಯೇ ಇದ್ದರು. ಬಂಗಾಳಿ ಸಹೋದ್ಯೋಗಿಗಳಿಗೆ ಅವರು ಮೊದಲ ದಿನದಿಂದಲೇ ಮೋಹನ್‌ದಾ, ಅಂದರೆ ಮೋಹನಣ್ಣ.

ಅವರದೊಂದು ಪದ್ಧತಿಯಿತ್ತು. ಕಟ್ಟಡವನ್ನು ಒಪ್ಪಿಸಿ ಮೂರು ತಿಂಗಳಾದ ಮೇಲೆ, ಅದು ಜನರಿಂದ ತುಂಬಿ ಕೊಳೆಯಾಗಿ ನಿಜವಾದ ಕಟ್ಟಡವಾದ ಮೇಲೆ, ಅಲ್ಲಿಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂರುವುದು. ಕೂರುವುದೂ ಎಲ್ಲೆಂದರಲ್ಲಿ ಅಲ್ಲ. ಆ ಕಟ್ಟಡದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ಇರಬೇಕಾದ ಮನುಷ್ಯನ ಜಾಗದಲ್ಲಿ. ಲಿಫ್ಟಿನವನ ಸ್ಟೂಲು, ಟಿಕೆಟ್ ಕೌಂಟರಿನ ಕುರ್ಚಿ, ಚಪ್ಪಲಿ ಕಾಯುವವರ ಮೂಲೆ. ಬೆಳಕು ಅಳೆಯುವ ಮೀಟರು ಚೀಲದಲ್ಲಿಯೇ ಇರುತ್ತಿತ್ತು. ಕಸ್ಬಾದ ಮಾಲ್ ಒಂದರಲ್ಲಿ ಸೀರೆ ಅಂಗಡಿಯ ಹೆಣ್ಣುಮಕ್ಕಳ ಪಕ್ಕದಲ್ಲಿ ಹೀಗೆ ಕೂರಲು ಹೋದವರಿಗೆ ಅಲ್ಲಿ ಕೂರಲು ಏನೂ ಇಲ್ಲವೆಂಬುದು ಗೊತ್ತಾಯಿತು. ದಿನಕ್ಕೆ ಹತ್ತು ಗಂಟೆ ಅವರು ನಿಂತೇ ಇರುತ್ತಿದ್ದರು, ಮೋಹನದಾಸರದೇ ದೀಪವೊಂದು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ದೀಪವನ್ನು ಒಂದು ಗೇಣು ತಿರುಗಿಸಲು ಅರ್ಧ ದಿನ ಸಾಕಾಯಿತು. ಎರಡು ಸ್ಟೂಲು ಹಾಕಿಸಲು ಮಾಲ್‌ನವರೊಂದಿಗೆ ನಾಲ್ಕು ತಿಂಗಳು ಜಗ್ಗಾಡಿದರು. ಬೆಳಕಿನವನಿಗೆ ಸ್ಟೂಲಿನ ಉಸಾಬರಿ ಏಕೆಂದು ಮಿಹಿರ್ ಬಾಬು ನಕ್ಕಿದ್ದುಂಟು.

ನಮ್ಮಂಥ ಕಿರಿಯರ ಮೇಲೆ ಅವರಿಗಿದ್ದ ಅಂತಃಕರಣಕ್ಕೆ ಒಂದು ಉದಾಹರಣೆ ಸಾಕು. ರೈಲ್ವೆಯಲ್ಲಿದ್ದ ತಂದೆ ಆಸ್ಪತ್ರೆ ಸೇರಿ ಈ ಲೇಖಕಿ ಹನ್ನೆರಡು ದಿನ ಕಚೇರಿಯ ಕಡೆ ತಲೆ ಹಾಕದಿದ್ದಾಗ, ಅವಳು ಕೊಡಬೇಕಿದ್ದ ಗ್ರಂಥಾಲಯದ ನಕ್ಷೆಗಳು ಗಡುವಿಗೆ ಸರಿಯಾಗಿ, ಅವಳದೇ ಹೆಸರಿನಲ್ಲಿ ಹೋಗಿದ್ದವು. ಮಾಡಿದವರಾರೆಂದು ಇಂದಿಗೂ ಯಾರೂ ಬಾಯಿ ಬಿಟ್ಟಿಲ್ಲ. ಅಂಕಿಗಳನ್ನು ಮೋಹನದಾಸರ ಹಾಗೆ ಬಾಲ ಎಳೆದು ಬರೆಯುವವರು ಆ ಕಚೇರಿಯಲ್ಲಿ ಮತ್ತೊಬ್ಬರಿರಲಿಲ್ಲ.

ಖಿದಿರ್‌ಪುರದ ಧರ್ಮಾರ್ಥ ಆಸ್ಪತ್ರೆಯ ಹೊರರೋಗಿಗಳ ಹಾಲ್ ಅವರ ಕೈಯಿಂದ ಬಂದ ಅತ್ಯಂತ ಚೆಂದದ ಕೆಲಸ. ಬಂದರುಕಟ್ಟೆಯಲ್ಲಿ ಮೂಟೆ ಹೊರುವವರು, ಅವರ ಮನೆಯವರು ತಾಸುಗಟ್ಟಲೆ ಕಾಯುವ ಜಾಗ. ಅವರಿಗೂ ಒಂದಿಷ್ಟು ನೆಮ್ಮದಿ ಇರಲಿ ಎಂದು ಸಂಜೆ ಬಿಸಿಲಿನ ಹಾಗಿನ ಹೊಂಬಣ್ಣದ ಬೆಳಕನ್ನು ಅಲ್ಲಿ ತುಂಬಿದರು. ಅದಕ್ಕೆ ಪ್ರಶಸ್ತಿ ಬಂತು. ಪ್ರಶಸ್ತಿಯ ಹಿಂದೆಯೇ ಕೆಲಸಗಳ ಸಾಲು ಬಂತು. ಮೋಹನದಾಸರಿಗೆ ಆಗಲೇ ಅರವತ್ತು ದಾಟಿತ್ತು, ಮೆಟ್ಟಿಲು ಹತ್ತಿದರೆ ಮಂಡಿ ಮಾತಾಡುತ್ತಿತ್ತು, ಆಸಕ್ತಿಗಿಂತ ಅಭ್ಯಾಸವೇ ಅವರನ್ನು ಕಚೇರಿಗೆ ಎಳೆದು ತರುತ್ತಿತ್ತು. ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತ, ಆ ಹಾಲ್‌ನಲ್ಲಿ ಹೋಗಿ ಕೂರುವುದೊಂದನ್ನು ಅವರು ಮುಂದೂಡಿದರು. ಎರಡು ವರ್ಷ ಮುಂದೂಡಿದರು.

ಕೊನೆಗೊಂದು ಆಗಸ್ಟ್ ಮಧ್ಯಾಹ್ನ ಹೋಗಿ, ಹಿರಿಯ ನರ್ಸ್ ಪ್ರಫುಲ್ಲಾ ಅವರ ಮೇಜಿನ ಪಕ್ಕ ಕೂತರು. ಬಂದ ರೋಗಿಗಳನ್ನು ಮೊದಲು ನೋಡಿ ಯಾವ ವೈದ್ಯರ ಕಡೆಗೆಂದು ಬರೆದು ಕಳಿಸುವವರು ಅವರು. ಮೋಹನದಾಸರು ನೋಡುತ್ತಿದ್ದಂತೆಯೇ ಪ್ರಫುಲ್ಲಾ ಎದ್ದು, ರೋಗಿಯ ಕೈ ಹಿಡಿದು ಹಾಲ್‌ನ ಆ ತುದಿಯ ಕಿಟಕಿಯವರೆಗೆ ನಡೆಸಿಕೊಂಡು ಹೋದರು. ಅಲ್ಲಿ ರೆಪ್ಪೆ ಎಳೆದು ಕಣ್ಣು ನೋಡಿದರು. ಮತ್ತೆ ವಾಪಸು ಕರೆತಂದರು. ಮುಂದಿನ ರೋಗಿಗೂ ಹಾಗೆಯೇ ಮಾಡಿದರು, ಅದರ ಮುಂದಿನವರಿಗೂ. ಮಂಡಿಗೆ ಬ್ಯಾಂಡೇಜು ಬಿಗಿದಿದ್ದ ಐವತ್ತೈದರ ಹೆಂಗಸು ಒಂದು ಗಂಟೆಯಲ್ಲಿ ಹದಿನೇಳು ಸಲ ಆ ಕಿಟಕಿಗೆ ಹೋಗಿ ಬಂದರು. ಮೋಹನದಾಸರು ತಾವು ಯಾರೆಂದು ಹೇಳಿ, ಕಾರಣ ಕೇಳಿದರು.

"ನಿಮ್ಮ ದೀಪ ಬಹಳ ಚೆಂದ, ದಾದಾ," ಎಂದರು ಪ್ರಫುಲ್ಲಾ ಬಂಗಾಳಿಯಲ್ಲಿ, ಕೊಂಕಿಲ್ಲದೆ. "ಇದರ ಕೆಳಗೆ ಎಲ್ಲರೂ ಆರೋಗ್ಯವಂತರ ಹಾಗೆ ಕಾಣುತ್ತಾರೆ. ಕಾಮಾಲೆ ಗೊತ್ತಾಗುವುದಿಲ್ಲ. ಬಿಸಿಲಿದ್ದರೆ ಕಿಟಕಿ ಇದೆ. ಮೋಡ ಕವಿದ ದಿನ ಏನು ಮಾಡಲಿ?"

ಹಳದಿ ಬೆಳಕಿನಲ್ಲಿ ಹಳದಿ ಕಾಣದು. ಬೆಳಕಿನ ಕೆಲಸಕ್ಕೆ ಸೇರಿದ ಮೊದಲ ವಾರ ಮೋಹನದಾಸರೇ ನಮಗೆಲ್ಲ ಹೇಳಿಕೊಟ್ಟ ಪಾಠವದು. ಮಾಲ್‌ಗಳಲ್ಲಿ ಎಲ್ಲರೂ ಮೆಚ್ಚಿದ ಹೊಂಬಣ್ಣದ ಬೆಳಕನ್ನೇ ಆಸ್ಪತ್ರೆಗೂ ತಂದವರು ಅಲ್ಲಿ ಕಾಯುವವರ ಬಗ್ಗೆ ಯೋಚಿಸಿದ್ದರು, ಅವರನ್ನು ನೋಡಬೇಕಾದವರ ಬಗ್ಗೆ ಯೋಚಿಸಿರಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಬಂದ ಕೂಲಿಯವನೊಬ್ಬನನ್ನು, ಕಣ್ಣಿನ ಹಳದಿ ಕಾಣದೆ, ಬರೀ ಜ್ವರವೆಂದು ಮಾತ್ರೆ ಕೊಟ್ಟು ಕಳಿಸಿದ್ದರು. ಹನ್ನೊಂದನೆಯ ದಿನ ಅವನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಹೊತ್ತು ತಂದರು. ಜೀವ ಉಳಿಯಿತು, ಆದರೆ ಇನ್ನು ಮೂಟೆ ಹೊರುವಂತಿಲ್ಲ. ಇದನ್ನು ಹೇಳುವಾಗ ಪ್ರಫುಲ್ಲಾ ತಮ್ಮನ್ನೇ ದೂರಿಕೊಂಡರಂತೆ. ಅದನ್ನು ಕೇಳಲಾರದೆ ಮೋಹನದಾಸರು ಎದ್ದು ಬಂದರು.

ಲೇಕ್ ಗಾರ್ಡನ್ಸಿನ ಮನೆಯಲ್ಲಿ ಆ ದಿನ ಅವರು ಬಟ್ಟೆಯನ್ನೂ ಬದಲಿಸದೆ ಕೂತಿದ್ದನ್ನು ಪತ್ನಿ ಶ್ರೀಮತಿ ಸುಗಂಧಿಯವರು ಇಂದಿಗೂ ನೆನೆಯುತ್ತಾರೆ.

"ಎಂತ ಆಯ್ತು ಮಾರಾಯ್ರೇ? ಬಡಿಸಿ ಅರ್ಧ ಗಂಟೆ ಆಯ್ತು."

"ಸುಸ್ತಾಯ್ತು ಸುಗಂಧಿ," ಎಂದರಂತೆ ಮೋಹನದಾಸರು. "ಮಾಡಿದ್ದಕ್ಕಲ್ಲ. ಮಾಡದೇ ಬಿಟ್ಟದ್ದಕ್ಕೆ."

ದೀಪ ಬದಲಿಸಿ ಎಂದು ಆಸ್ಪತ್ರೆಯ ಟ್ರಸ್ಟಿನವರನ್ನು ಬಾಯಿಮಾತಿನಲ್ಲಿ ಕೇಳಿದರೆ ಅವರು ನಕ್ಕರು. ದಾನಿಗಳಿಗೆ ಕಳಿಸುವ ಪ್ರತಿ ಪುಸ್ತಿಕೆಯ ಮೇಲೂ ಆ ಹೊಂಬಣ್ಣದ ಹಾಲ್‌ನ ಚಿತ್ರವಿತ್ತು, ಪ್ರಶಸ್ತಿ ಬಂದ ಬೆಳಕಿನಲ್ಲಿ ಕುಂದೇನೆಂದು ಕೇಳಿದರು. ಉಳಿದದ್ದು ಒಂದೇ ದಾರಿ: ವಿನ್ಯಾಸವೇ ತಪ್ಪು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿ ಕೊಡುವುದು. ಆಗ ಮಿಹಿರ್ ಬಾಬು ಮತ್ತೊಂದು ದೊಡ್ಡ ಆಸ್ಪತ್ರೆಯ ಕೆಲಸ ಹಿಡಿಯುವುದರಲ್ಲಿದ್ದರು. ನಿವೃತ್ತಿಯ ನಂತರ ಮೋಹನದಾಸರು ಅದರ ಸಲಹೆಗಾರರಾಗಿ ಇರುವರೆಂಬ ಮಾತೂ ಆಗಿತ್ತು. ಪತ್ರ ಹೊರಬಿದ್ದರೆ ಎರಡೂ ಹೋದಂತೆಯೇ.

ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳಬೇಕು. ಅಂದು ಅವರ ಮೇಜಿನ ಮುಂದೆ ನಿಂತು ಅಡ್ಡಗಾಲು ಹಾಕಿದವಳು ಈ ಲೇಖಕಿಯೇ.

"ಸರ್, ಆ ಪತ್ರ ಕಳಸಬ್ಯಾಡ್ರಿ. ಇನ್ನ ಆರ ತಿಂಗಳ ಸರ್ವೀಸ್ ಉಳದೈತಿ. ಸುಮ್ನ ಇದ್ದಬಿಡ್ರಿ."

"ಎರಡು ವರ್ಷ ಸುಮ್ಮನೆ ಇದ್ದದ್ದಕ್ಕೇ ಇಷ್ಟಾದದ್ದಲ್ವಾ ಮಾರಾಯ್ತಿ," ಎಂದರು ಮೋಹನದಾಸರು. ಸಿಟ್ಟಿರಲಿಲ್ಲ. ಸಿಟ್ಟಾಗುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

ಪತ್ರ ಹೋಯಿತು. ದೊಡ್ಡ ಆಸ್ಪತ್ರೆಯ ಕೆಲಸ ಕೈತಪ್ಪಿತು, ಸಲಹೆಗಾರರ ಹುದ್ದೆಯ ಮಾತನ್ನು ಮತ್ತಾರೂ ಎತ್ತಲಿಲ್ಲ, ಮಿಹಿರ್ ಬಾಬು ಒಂದು ತಿಂಗಳು ಅವರೊಂದಿಗೆ ಚಹಾ ಕುಡಿಯಲಿಲ್ಲ. ಟ್ರಸ್ಟಿನವರು ಐದು ತಿಂಗಳು ಎಳೆದಾಡಿ, ಒಂದು ಭಾನುವಾರ ದೀಪಗಳನ್ನು ಬದಲಿಸಿದರು. ಬಣ್ಣವನ್ನು ಇದ್ದದ್ದಿದ್ದಂತೆ ತೋರಿಸುವ ಬಿಳಿ ಬೆಳಕು ಬಂತು. ಹಾಲ್ ಈಗ ರೇಷನ್ ಕಚೇರಿಯ ಹಾಗಿದೆ ಎಂದು ಟ್ರಸ್ಟಿಯೊಬ್ಬರು ಮುಖ ಸಿಂಡರಿಸಿದಾಗ, ಹೌದೆಂದು ತಲೆಯಾಡಿಸಿದವರೂ ಮೋಹನದಾಸರೇ. ಬದುಕಿನ ಅತ್ಯುತ್ತಮ ಕೆಲಸವನ್ನು ತಾವೇ ಅಳಿಸಿದ ದುಃಖ ಅವರಿಗೆ ಇದ್ದೇ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ.

ಮರುವಾರ ಲೇಕ್ ಗಾರ್ಡನ್ಸಿನಲ್ಲಿ ಲೋಕಲ್ ರೈಲು ಹತ್ತಿ, ಮಾಜೇರ್‌ಹಾಟ್‌ನಲ್ಲಿಳಿದು ಆಟೊ ಹಿಡಿದು ಹೋಗಿ, ಅದೇ ಮೇಜಿನ ಪಕ್ಕ ಕೂತರು. ಪ್ರಫುಲ್ಲಾ ಎದ್ದರು, ರೋಗಿಯ ಕೈ ಹಿಡಿದರು, ಕಿಟಕಿಗೆ ನಡೆದರು. ಹೊಸ ದೀಪದ ಕೆಳಗೂ ಹಳೆಯ ಅಭ್ಯಾಸವೇ. ಆ ಗಂಟೆಯುದ್ದಕ್ಕೂ ಹಾಗೆಯೇ ನಡೆಯಿತು. ಅದರ ಮುಂದಿನ ವಾರವೂ ಅಷ್ಟೇ. ಇನ್ನು ಕಿಟಕಿ ಬೇಡವೆಂದು ಪ್ರಫುಲ್ಲಾರಿಗೆ ಒಂದು ಮಾತು ಹೇಳಬಾರದೇ ಎಂದು ಈ ಲೇಖಕಿ ಕೇಳಿದ್ದಕ್ಕೆ, "ಹೇಳಿ ಕೂರಿಸಿದ್ರೆ ಅವರು ನನ್ನ ಮಾತು ನಂಬಿದ ಹಾಗಾಯ್ತು. ಅವರು ಬೆಳಕನ್ನು ನಂಬಬೇಕು," ಎಂದರು. ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು.

ಮೂರನೆಯ ಸಲ ಹೋದ ದಿನ ಬೆಳಗಿನಿಂದಲೇ ಮೋಡ ಕವಿದಿತ್ತು. ಮುದುಕಿಯೊಬ್ಬಳು ಬಂದು ಪ್ರಫುಲ್ಲಾರ ಮುಂದೆ ಕೂತಳು. ಪ್ರಫುಲ್ಲಾ ಮೇಜಿಗೆ ಕೈಯೂರಿ ಏಳಲು ಹೋದರು, ಅರ್ಧ ಎದ್ದವರು ಮುದುಕಿಯ ಮುಖ ನೋಡಿ ಹಾಗೆಯೇ ನಿಂತರು, ಮತ್ತೆ ಕೂತರು. ಕೂತಲ್ಲಿಂದಲೇ ಗಲ್ಲ ಹಿಡಿದೆತ್ತಿ, ರೆಪ್ಪೆ ಎಳೆದು ನೋಡಿ, ಚೀಟಿಯ ಮೇಲೆ ಏನೋ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ವೈದ್ಯರ ಕೋಣೆಗೆ ಕಳಿಸಿದರು. ಆಮೇಲೆ ಬಂದವರನ್ನೂ ಕೂತೇ ನೋಡಿದರು. ಪಕ್ಕದಲ್ಲಿದ್ದ ಮೋಹನದಾಸರ ಕಡೆ ಅವರು ತಿರುಗಲೂ ಇಲ್ಲ; ಸರದಿ ಉದ್ದವಿತ್ತು.

ಮನೆಗೆ ಬಂದವರು ಸುಗಂಧಿಯವರಿಗೆ ಹೇಳಿದ್ದು ಇಷ್ಟೇ: "ಇವತ್ತು ಅವರು ಏಳ್ಲಿಲ್ಲ." ಊಟ ಮಾಡಿ, ಎಷ್ಟೋ ತಿಂಗಳ ಮೇಲೆ, ಹಾಸಿಗೆಗೆ ತಲೆ ಕೊಟ್ಟೊಡನೆ ನಿದ್ದೆ ಹೋದರಂತೆ.

ಪ್ರಶಸ್ತಿ ಬಂದ ಆ ಹಾಲ್‌ನ ಹೊಂಬಣ್ಣದ ಚಿತ್ರವನ್ನು ಈ ಗ್ರಂಥದಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ. ಬೇಡವೆಂದವರು ಯಾರೆಂದು ಹೇಳಬೇಕಾಗಿಲ್ಲ. ಮೋಹನದಾಸರು ಮೊದಲು ದಣಿವಾರಿಸಿಕೊಳ್ಳಲಿ. ಆಮೇಲೆ ಅವರಿಗೆ ಆಯುಸ್ಸೂ ಆರೋಗ್ಯವೂ ಬೇಕಾದಷ್ಟಿರಲಿ, ಮಂಡಿಗಳು ಇನ್ನೂ ಬಹಳ ಮೆಟ್ಟಿಲುಗಳನ್ನು ಹತ್ತಲಿ, ನಮ್ಮ ಕಟ್ಟಡಗಳಿಗೂ ಬಂದು ಕೂತು ತಪ್ಪು ಹೇಳುವ ಕೆಲಸ ಮುಂದುವರಿಯಲಿ ಎಂದು ಹಾರೈಸುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ತಾನು ಬೆಳಕು ಕೊಟ್ಟು ಒಮ್ಮೆಯೂ ಹೋಗಿ ಕೂರದ ಕಟ್ಟಡಗಳು ಈ ಲೇಖಕಿಯ ಲೆಕ್ಕದಲ್ಲಿ ನಾಲ್ಕಿವೆ. ಮೊದಲನೆಯದಕ್ಕೆ ಈ ಗುರುವಾರ ಹೋಗುತ್ತಿದ್ದಾಳೆ.